ಸಹಿಸಿಕೊಂಡು ನೋಡುತ್ತಿಲ್ಲ, ಇಷ್ಟಪಟ್ಟೇ ನೋಡುತ್ತೇನೆ

1930ರ ದಶಕದ ಹಾಲಿವುಡ್ಡಿನಲ್ಲಿ ಕೊಲೆಯ ತನಿಖೆ, ಪ್ರಣಯ, ಹಾಸ್ಯ ಮೂರನ್ನೂ ಬೆರೆಸಿ ತೆಗೆದ ಚಿತ್ರಗಳೆಂದರೆ ನನಗೆ ಪ್ರಾಣವೆಂದು ಗೊತ್ತಾದವರೆಲ್ಲ ಕೇಳುವುದು ಒಂದೇ: "ಬರೀ ಬಿಳಿಯರೇ ತುಂಬಿರುವ ಆ ಸಿನಿಮಾಗಳನ್ನು ಹೇಗೆ ಸಹಿಸಿಕೊಂಡು ನೋಡುತ್ತೀರಿ?" ಕಳೆದ ವರ್ಷ ಮದುವೆಮನೆಯ ಪಂಕ್ತಿಯಲ್ಲಿ, ಹೋಳಿಗೆಗೆ ತುಪ್ಪ ಬೀಳುತ್ತಿರುವಾಗಲೇ, ಪಕ್ಕದ ಎಲೆಗೆ ಕುಳಿತಿದ್ದ ಚಿಕ್ಕಪ್ಪನ ಮಗ ಇದನ್ನೇ ಕೇಳಿ, ಉತ್ತರಕ್ಕೂ ಕಾಯದೆ ತಲೆಯಾಡಿಸಿದ. ಅವನು ಅಂಥ ಒಂದು ಚಿತ್ರವನ್ನೂ ನೋಡಿದವನಲ್ಲ. ಆ "ಸಹಿಸಿಕೊಂಡು" ಎಂಬ ಮಾತು ನನಗೆ ಹೋಳಿಗೆಯ ರುಚಿಯನ್ನೇ ಕೆಡಿಸಿತು.

ಆರೋಪವೇನೂ ಸುಳ್ಳಲ್ಲ. 1934ರ 'ದಿ ಥಿನ್ ಮ್ಯಾನ್' ಚಿತ್ರದಲ್ಲಿ ಪತ್ತೇದಾರನ ಹೆಂಡತಿ ನೋರಾ ಆಗಿ ಮನಗೆದ್ದ ಬಿಳಿಯ ನಟಿ ಮಿರ್ನಾ ಲಾಯ್, ಅದಕ್ಕೆ ಎರಡೇ ವರ್ಷ ಮೊದಲು ಚೀನೀ ಖಳ ಫೂ ಮಾಂಚುವಿನ ಮಗಳಾಗಿ ವೇಷ ಕಟ್ಟಿದ್ದರು. 'ಥಿನ್ ಮ್ಯಾನ್' ಸರಣಿಯದೇ 1941ರ ಚಿತ್ರದಲ್ಲಿ ಕಪ್ಪು ನಟಿ ಲೂಯಿಸ್ ಬೀವರ್ಸ್ ಅವರಿಗೆ ಸಿಕ್ಕಿದ್ದು ಮನೆಗೆಲಸದವಳ ಪಾತ್ರ. ಕಪ್ಪು ಬಿಳಿಯರ ನಡುವಿನ ಪ್ರಣಯವನ್ನು ತೋರಿಸುವಂತಿಲ್ಲವೆಂದು ಚಿತ್ರೋದ್ಯಮ ತಾನೇ ನಿಯಮ ಬರೆದುಕೊಂಡಿತ್ತು. ಇದೆಲ್ಲವನ್ನೂ ಬಲ್ಲೆ, ನನಗೆ ಪಾಠ ಹೇಳಬೇಕಾಗಿಲ್ಲ.

ಆದರೆ ತೆರೆಯ ಮೇಲೆ ಯಾರಿದ್ದರೆಂದು ಇಷ್ಟೊಂದು ವಿಚಾರಿಸುವವರು, ಕ್ಯಾಮೆರಾದ ಹಿಂದೆ ಯಾರಿದ್ದರೆಂದು ಒಮ್ಮೆಯಾದರೂ ಕೇಳಬಾರದೇ? 'ದಿ ಥಿನ್ ಮ್ಯಾನ್' ಚಿತ್ರದ ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೌ, 1899ರಲ್ಲಿ ಚೀನಾದಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವರು. ಪತ್ತೇದಾರ ನಿಕ್ ರಾತ್ರಿ ಹೊತ್ತು ಟಾರ್ಚ್ ಹಿಡಿದು, ನಾಯಿ ಆಸ್ಟಾನನ್ನು ಜೊತೆಗಿಟ್ಟುಕೊಂಡು ಕಾರ್ಯಾಗಾರವನ್ನು ಜಾಲಾಡುವ ದೃಶ್ಯದಲ್ಲಿ, ಕತ್ತಲನ್ನು ಅವರು ಕತ್ತಲಾಗಿಯೇ ಉಳಿಸಿರುವುದನ್ನು ನೋಡಬೇಕು. ಕ್ರಿಸ್‌ಮಸ್ ದಿನ ಸೋಫಾದ ಮೇಲೆ ಒರಗಿದ ನಿಕ್ ಆಟಿಕೆ ಬಂದೂಕಿನಿಂದ ಬಲೂನುಗಳನ್ನು ಒಡೆಯುತ್ತಿದ್ದರೆ, ತುಪ್ಪಳದ ಕೋಟು ತೊಟ್ಟ ನೋರಾ ಗಂಡನತ್ತ ಬೀರುವ ಆ ನೋಟವನ್ನು ಹಿಡಿದಿದ್ದೂ ಅವರ ಕ್ಯಾಮೆರಾವೇ.

ಬೇರೆಯವರ ದಾಂಪತ್ಯದ ಸರಸವನ್ನು ಇಷ್ಟು ಚೆನ್ನಾಗಿ ಚಿತ್ರಿಸಿದ ಹೌ, ಬಿಳಿಯ ಲೇಖಕಿ ಸನೋರಾ ಬ್ಯಾಬ್ ಅವರನ್ನು ವರಿಸಿದ್ದು 1937ರಲ್ಲಿ, ಪ್ಯಾರಿಸ್ಸಿನಲ್ಲಿ. ಚೀನೀಯರು ಬಿಳಿಯರನ್ನು ಮದುವೆಯಾಗುವುದನ್ನು ನಿಷೇಧಿಸಿದ್ದ ಕ್ಯಾಲಿಫೋರ್ನಿಯಾದ ಕಾನೂನಿನ ಕಣ್ಣಿಗೆ ಅದು ಮದುವೆಯೇ ಆಗಿರಲಿಲ್ಲ. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1948ರಲ್ಲಿ ಆ ನಿಷೇಧವನ್ನು ರದ್ದುಪಡಿಸಿದ ಮೇಲೆ, ಮರುವರ್ಷ ಅವರು ತಮ್ಮ ಹೆಂಡತಿಯನ್ನೇ ಇನ್ನೊಮ್ಮೆ ಮದುವೆಯಾದರು.

ಇಷ್ಟನ್ನೂ ಪಂಕ್ತಿಯಲ್ಲೇ ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಜ್ಜಿಗೆ ಬಂದಿತ್ತು. ಚಿಕ್ಕಪ್ಪನ ಮಗ ತನ್ನ ಎಲೆ ಮಡಿಸಿ ಕೈ ತೊಳೆಯಲು ಎದ್ದುಬಿಟ್ಟ.