ಒಬ್ಬಳಿಗೆ ಮೂರು ದಿಂಬು

ಶನಿವಾರ ರಾತ್ರಿಯಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಒಬ್ಬಳಿಗೆ ಮೂರು ದಿಂಬು ಎಂತಕ್ಕೆ ಕೂಸೆ?"

ಕೇಳಿದ್ದು ನನ್ನ ಸೋದರತ್ತೆ. ಸಿರ್ಸಿ ಹತ್ತಿರದ ಅವರ ಮನೆಯಲ್ಲಿ ಮರುದಿನ ಮೊಮ್ಮಗನ ಉಪನಯನ. ಜಗುಲಿಯಲ್ಲಿ ಗಂಡಸರು, ನಡುಮನೆಯಲ್ಲಿ ಹೆಂಗಸರು ಮಕ್ಕಳು, ಗೋಡೆಯಿಂದ ಗೋಡೆಗೆ ಜಮಖಾನ. ಅತ್ತೆ ಬಾಗಿಲಲ್ಲಿ ನಿಂತು ತಲೆಗೊಂದು ದಿಂಬು ಹಂಚುತ್ತಿದ್ದರು, ರೇಶನ್ ಅಂಗಡಿಯವರ ಹಾಗೆ. ಅತ್ತೆ ಕೆಟ್ಟವರಲ್ಲ. ಊಟಕ್ಕೆ ಕೂತರೆ ಬೇಡ ಅಂದರೂ ತುಪ್ಪ ಸುರಿಯುತ್ತಾರೆ. ದಿಂಬು, ಲೋಟ, ಚಮಚದ ವಿಷಯದಲ್ಲಿ ಮಾತ್ರ ಲೆಕ್ಕ ಜಾಸ್ತಿ.

ನಾನು ಏನು ಹೇಳಿದೆ ಗೊತ್ತಾ? "ಗ್ಯಾಸ್ಟ್ರಿಕ್ ಅತ್ತೆ."

ನನಗಿರುವುದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪೊರೆಯಂಥದ್ದೇ ಪೊರೆ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೋ ಕರುಳಿನ ಹತ್ತಿರವೋ ಬೆಳೆಯುವ ಕಾಯಿಲೆ. ನೋವು ಶುರುವಾಗಿದ್ದು ಪಿಯುಸಿಯಲ್ಲಿ. ಹೆಸರು ಸಿಕ್ಕಿದ್ದು 27ಕ್ಕೆ, ಮಂಗಳೂರಿನಲ್ಲಿ ಲ್ಯಾಪರೊಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವುದು, ಆದ ಮೇಲೆ. ನಡುವೆ ಒಬ್ಬ ಡಾಕ್ಟರು "ಮದುವೆಯಾಗಿ ಒಂದು ಮಗು ಆದರೆ ಸರಿಹೋಗ್ತದೆ" ಎಂದಿದ್ದರು. ಮಗು ಇದಕ್ಕೆ ಔಷಧಿಯಲ್ಲ ಅಂತ ಅವರಿಗೆ ಗೊತ್ತಿರಲಿಲ್ಲವೋ, ಹೊರಗೆ ಕ್ಯೂ ಉದ್ದ ಇತ್ತೋ.

ಮೂರು ದಿಂಬಿನ ಲೆಕ್ಕ ನನ್ನ ಹತ್ತಿರ ಪಕ್ಕಾ ಇದೆ. ತಲೆಗೊಂದು. ಮೊಣಕಾಲುಗಳ ನಡುವೆ ಒಂದು. ಅದಿಲ್ಲದಿದ್ದರೆ ಮೇಲಿನ ಕಾಲು ಜಾರಿ ಸೊಂಟವನ್ನು ತಿರುಚುತ್ತದೆ, ಅರ್ಧ ಗಂಟೆಯಲ್ಲಿ ಎಚ್ಚರ. ಮೂರನೆಯದು ಹೊಟ್ಟೆಗೆ ಅವಚಿಕೊಳ್ಳಲು. ಬಲಮಗ್ಗುಲು, ಮಂಡಿ ಎದೆಯ ಕಡೆಗೆ. ಎಡಕ್ಕೆ ನನಗಾಗದು. ಚಾಕೊಲೇಟ್ ಸಿಸ್ಟ್ ಇದ್ದಿದ್ದು ಆ ಕಡೆಯ ಅಂಡಾಶಯದಲ್ಲಿ. ಹಳೇ ರಕ್ತ ತುಂಬಿದ ಗುಳ್ಳೆಗೆ ಆ ಹೆಸರಿಟ್ಟವರು ಯಾರೋ, ನಾನಂತೂ ಚಾಕೊಲೇಟ್ ಬಿಟ್ಟೆ. ಇನ್ನೊಬ್ಬಳಿಗೆ ಎಡಮಗ್ಗುಲೇ ಹಿತ ಇರಬಹುದು. ಅಂಗಾತ ಮಲಗುವ ದಿನ ಎರಡನೇ ದಿಂಬು ಮೊಣಕಾಲ ಕೆಳಗೆ ಹೋಗುತ್ತದೆ, ಆಗ ನಡುವಿನ ಬಿಗಿ ಸ್ವಲ್ಪ ಸಡಿಲ. ಬೋರಲು ಮಲಗುವುದು ನಾನು ಬಿಟ್ಟು ನಾಲ್ಕು ವರ್ಷ ಆಯಿತು.

ಇದರ ಮೇಲೆ ಬಿಸಿನೀರಿನ ಚೀಲ. ದಿನಾ ಇಟ್ಟು ಇಟ್ಟು ಕಿಬ್ಬೊಟ್ಟೆಯ ಚರ್ಮದಲ್ಲಿ ಕಂದು ಗೆರೆಗಳ ಒಂದು ಬಲೆ ಮೂಡಿದೆ. ಕಾರವಾರದ ಕಡಲಲ್ಲಿ ಎಳೆಯುವ ಬಲೆಯದ್ದೇ ನಮೂನೆ, ಕಣ್ಣು ಸ್ವಲ್ಪ ದೊಡ್ಡದು.

ಇಷ್ಟೆಲ್ಲ ಗೊತ್ತಿದ್ದೂ ಗ್ಯಾಸ್ಟ್ರಿಕ್ ಅಂದೆ. ಯಾಕೆ?

ಉಪನಯನದ ಮನೆಯಲ್ಲಿ ಕಿಬ್ಬೊಟ್ಟೆ ನೋವು ಅಂದರೆ ಮುಂದಿನ ಪ್ರಶ್ನೆ ಒಂದೇ. "ಹೊರಗಾದ್ಯನೇ?" ಇಲ್ಲ, ಆಗಿಲ್ಲ. ಈ ನೋವಿಗೆ ಆ ಮೂರು ದಿನವೇ ಆಗಬೇಕು ಅಂತ ಇಲ್ಲ. ತಿಂಗಳ ಯಾವ ದಿನ ಬೇಕಾದರೂ ಬರುತ್ತದೆ. ಆದರೆ ಇದನ್ನು ಮಡಿಯಲ್ಲಿದ್ದವರ ಎದುರು, ಮರುದಿನದ ಅಕ್ಕಿ ಅಳೆಯುವವರ ನಡುವೆ ನಿಂತು ಹೇಗೆ ಬಿಡಿಸಿ ಹೇಳುವುದು? ಅನುಮಾನಕ್ಕೇ ನನ್ನ ಚಾಪೆ ಹಿತ್ತಲ ಕೋಣೆಗೆ ಹೋಗುತ್ತಿತ್ತು. ಗ್ಯಾಸ್ಟ್ರಿಕ್‌ಗೆ ಮಡಿ ಮೈಲಿಗೆ ಇಲ್ಲ. ಅಡುಗೆ ಭಟ್ಟರಿಗೂ ಇದೆ, ಪುರೋಹಿತರಿಗೂ ಇದೆ.

ಅತ್ತೆ ಎರಡು ದಿಂಬು ಕೊಟ್ಟರು. ಮೂರನೆಯದಕ್ಕೆ ನನ್ನ ಸೀರೆಯನ್ನೇ ಮಡಚಿದೆ. ಬಚ್ಚಲ ಹಂಡೆಯ ಬಿಸಿನೀರನ್ನು ಸ್ಟೀಲ್ ಬಾಟಲಿಗೆ ತುಂಬಿ ಟವೆಲ್ ಸುತ್ತಿದೆ. ಆಗಷ್ಟೇ ಹದವಾಗಿ ಮಡಚಿಕೊಂಡಿದ್ದೆ, ಅತ್ತೆ ಲೋಟ ಹಿಡಿದು ಬಂದರು. ಓಮದ ಕಷಾಯ. ಕುಡಿದೆ. ಅವರ ಹಿಂದೆ ಚಿಕ್ಕಮ್ಮ, ಕೈಯಲ್ಲಿ ಇಂಗು ಹಾಕಿದ ಮಜ್ಜಿಗೆ. ಅದನ್ನೂ ಕುಡಿದೆ. ಒಂದು ಸುಳ್ಳಿಗೆ ಎರಡು ಲೋಟ. ಪ್ರತಿ ಸಲ ಎದ್ದು ಕೂತು ಮತ್ತೆ ಮೊದಲಿನಿಂದ ದಿಂಬು ಜೋಡಿಸಬೇಕು.

ನಿದ್ದೆ ಬರಲಿಲ್ಲ. ಮಲಗಿದವರನ್ನು ಎಣಿಸಿದೆ. 23 ತಲೆ. ಅಜ್ಜಿಯಂದಿರು, ಮಕ್ಕಳನ್ನು ಕಳೆದರೆ 11. ಈ ವಯಸ್ಸಿನ ಹೆಂಗಸರಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಈ ಕಾಯಿಲೆ ಅಂತಾರೆ. ಅಂದರೆ ಇಲ್ಲಿ ಒಬ್ಬಳು, ಅದು ನಾನೇ. ಲೆಕ್ಕ ಮುಗಿಯಿತಲ್ವಾ? ಆದರೆ ಗೋಡೆ ಬದಿಗೆ ಮಲಗಿದ್ದ, ಡಿಗ್ರಿ ಓದುವ ಹುಡುಗಿ ಒಂದೇ ಸಮ ಮಗ್ಗುಲು ಬದಲಿಸುತ್ತಿದ್ದಳು. ಎದ್ದು ಕೂತಳು. ಮೊಣಕಾಲು ತಬ್ಬಿಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದಳು. ಸೊಳ್ಳೆ ಇರಬಹುದು ಅಂದುಕೊಂಡೆ. ಕೇಳಲಿಲ್ಲ. ಬೆಳಿಗ್ಗೆ ದೋಸೆಗೆ ಕೂತಾಗ ಪಕ್ಕದಲ್ಲೇ ಇದ್ದಳು, ಆಗಲೂ ಕೇಳಲಿಲ್ಲ. ಅತ್ತೆಯಾದರೂ ಎಂತಕ್ಕೆ ಅಂತ ಕೇಳಿದ್ದರು.

ನಿನ್ನೆ ಅತ್ತೆಯ ಫೋನು. "ಗ್ಯಾಸ್ ಹ್ಯಾಂಗಿದ್ದು?" ಈಗ ಹೇಳಿಬಿಡೋಣ ಅಂತ ಬಾಯಿ ತೆಗೆದೆ. "ಅಡ್ಡಿಲ್ಲೆ ಅತ್ತೆ" ಅಂದುಬಿಟ್ಟೆ. ಅಷ್ಟರಲ್ಲಿ ಅವರು ಕಾರವಾರಕ್ಕೆ ಬರುವವರ ಕೈಯಲ್ಲಿ ಏನೋ ಕಳಿಸಿಯೂ ಆಗಿತ್ತು.

ಇವತ್ತು ಬಂತು. ಒಣಗಿಸಿದ ಮುರುಗಲು, ಅಂದರೆ ಕೋಕಂ ಹಣ್ಣಿನ ಸಿಪ್ಪೆ, ಅರ್ಧ ಕೇಜಿ ಇರಬಹುದು. ಒಳಗೊಂದು ಚೀಟಿ, ಅತ್ತೆಯ ಗುಂಡು ಅಕ್ಷರ: "ಗ್ಯಾಸಿಗೆ. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಕುಡಿ."

ನೆನೆಸಿಟ್ಟಿದ್ದೇನೆ.