ರಂಪಣಿ ಹಗ್ಗ, ಜೇಬಿನ ಕ್ಯಾಮೆರಾ

ಅಕ್ಟೋಬರ್ 12, 2025, ಭಾನುವಾರ
ಕಾರವಾರ

ಮಳೆಗಾಲವಿಡೀ ಕಪಾಟಿನಲ್ಲೇ ಇದ್ದ ಸೋನಿ ಎ6000 ಕ್ಯಾಮೆರಾವನ್ನು ನಿನ್ನೆ ರಾತ್ರಿ ಹೊರಗೆ ತೆಗೆದೆ. ಲೆನ್ಸಿನ ಹಿಂದೆ ಟಾರ್ಚ್ ಹಿಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆ. ಬೂಸ್ಟು! ತಪ್ಪು ನನ್ನದೇ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಬದಲಿಸದೆ ವರ್ಷವಾಗಿತ್ತು. ಶಿರಸಿಯಿಂದ ಬಂದಿದ್ದ ಭಾವ ನೋಡಿ ನಕ್ಕರು. "ನಮ್ಮ ಅಡಿಕೆಗೆ ಕೊಳೆ, ನಿನ್ನ ಲೆನ್ಸಿಗೆ ಬೂಸ್ಟು. ಎರಡಕ್ಕೂ ಬೋರ್ಡೋ ಔಷಧಿ ಹೊಡೆದುಬಿಡೋಣ ಮಾರಾಯ."

ಆದರೂ ಬೆಳಿಗ್ಗೆ ಅದನ್ನೇ ಹೆಗಲಿಗೇರಿಸಿ ಟಾಗೋರ್ ಬೀಚಿಗೆ ಹೋದೆ. ಒಟ್ಟು ನಾಲ್ಕು ಜನ. ಭಾವನದು ಫ್ಯೂಜಿ ಎಕ್ಸ್-ಟಿ30. ಮೇಲಿನ ಡಯಲ್ ಟಕಟಕ ತಿರುಗಿಸೋ ಖುಷಿಗೇ ಕೊಂಡರಂತೆ. ಪಕ್ಕದ ಮನೆಯವರದು 2015ರ ಒಲಿಂಪಸ್ ಇ-ಎಂ5 ಮಾರ್ಕ್ 2. ತುಂತುರು ಬಿದ್ದರೆ ಒರೆಸಿಕೊಂಡು ಮುಂದೆ ಹೋಗುತ್ತಾರೆ. ನಮ್ಮ ಆಫೀಸಿನ ಹುಡುಗನ ಅಂಗಿ ಜೇಬಿನಲ್ಲಿ ರಿಕೋ ಜಿಆರ್ 3. ಬರೀ 257 ಗ್ರಾಂ. ಜೂಮ್ ಇಲ್ಲ, ಕಣ್ಣಿಟ್ಟು ನೋಡೋಕೆ ಕಿಂಡಿ ಇಲ್ಲ, ನೀರು-ಧೂಳಿಗೆ ತಡೆಯೂ ಇಲ್ಲ. ದುಬಾರಿ ಆಟಿಕೆ ಅಂತ ನಾನು ಸುಮಾರು ಸಲ ಛೇಡಿಸಿದ್ದೆ.

ಅಲ್ಲಿ ರಂಪಣಿ, ಅಂದರೆ ದಡದಲ್ಲೇ ನಿಂತು ಹಗ್ಗ ಹಿಡಿದು ಎಳೆಯುವ ದೊಡ್ಡ ಮೀನುಬಲೆ, ಎಳೆಯುತ್ತಿದ್ದರು. ನಾವು ಮೂವರು ಕ್ಯಾಮೆರಾ ಎತ್ತಿದ್ದೇ ತಡ, ಅಜ್ಜ ಒಬ್ಬರು ಗದರಿದರು: "ಫೋಟೋ ಆಮೇಲೆ, ಮೊದಲು ಹಗ್ಗ ಹಿಡೀರಿ!"

ಹಿಡಿದೆವು. ಉಪ್ಪುನೀರು ಸೋರುವ ಹಗ್ಗ, ಅಂಗೈ ತುಂಬ ಮರಳು. ಕೊರಳಿನ ಕ್ಯಾಮೆರಾ ಎದೆಗೆ ಬಡಿಯುತ್ತಿತ್ತು. ಆ ಕೈಯಲ್ಲಿ ಅದನ್ನು ಮುಟ್ಟುವ ಧೈರ್ಯ ಯಾರಿಗಿದೆ? ಹುಡುಗ ಮಾತ್ರ ಬಲಗೈ ಲುಂಗಿಗೆ ಒರೆಸಿಕೊಂಡು, ಎಡಗೈಯಲ್ಲಿ ಎಳೆಯುತ್ತಲೇ ಜೇಬಿಗೆ ಕೈ ಹಾಕಿದ. ಸ್ನ್ಯಾಪ್ ಫೋಕಸ್ (ಮೊದಲೇ ಗೊತ್ತುಮಾಡಿದ ದೂರಕ್ಕೆ ಫೋಕಸ್) ಎರಡು ಮೀಟರಿಗೆ, ಲೆನ್ಸಿಗೆ ಬೆಳಕು ಬಿಡುವ ಅಪರ್ಚರ್ ಎಫ್8ಕ್ಕೆ ಮೊದಲೇ ಇಟ್ಟಿದ್ದನಂತೆ. ಬಟನ್ ಪೂರ್ತಿ ಒತ್ತಿದರೆ ಸಾಕು, ಅದು ಫೋಕಸ್ ಹುಡುಕುತ್ತಾ ಕೂರುವುದಿಲ್ಲ. ಪರದೆಯನ್ನೂ ನೋಡದೆ ಒತ್ತಿದ.

ಆಮೇಲೆ ತೋರಿಸಿದ. ಅಜ್ಜನ ಬಾಯಿ ಅರ್ಧ ತೆರೆದಿದೆ. ಗಂಟಲಿನ ನರ ಉಬ್ಬಿದೆ. ಹಿಂದೆ ಬಲೆಯಿಂದ ಚಿಮ್ಮಿದ ಒಂದು ಬಂಗಡೆ, ಗಾಳಿಯಲ್ಲೇ.

ನಾವು ಕೈ ತೊಳೆದು ಬರುವಷ್ಟರಲ್ಲಿ ಮೀನು ಬುಟ್ಟಿ ಸೇರಿತ್ತು. ಬರೀ ಬುಟ್ಟಿಯ ಫೋಟೋ ನನ್ನದು ಹದಿನಾರು.

ಹಗ್ಗ ಎಳೆದವರಿಗೆಲ್ಲ ಒಂದಿಷ್ಟು ಬಂಗಡೆ ಕೊಟ್ಟರು. ನಾನು, ಭಾವ ಇಬ್ಬರೂ ಮೀನು ತಿನ್ನುವವರಲ್ಲ. ನಮ್ಮ ಪಾಲೂ ರಿಕೋ ಹುಡುಗನ ಚೀಲಕ್ಕೇ ಹೋಯಿತು.