ಗಾಣದ ಎಣ್ಣೆ ಕೊಳ್ಳುವವರು ಮೊದಲು ಶೇಂಗಾ ನೋಡಿ

ದಾವಣಗೆರೆ, ಚಿತ್ರದುರ್ಗದ ಬಡಾವಣೆಗಳಲ್ಲಿ ಗಾಣಗಳು ಮತ್ತೆ ತಲೆ ಎತ್ತಿವೆ. ಅವುಗಳ ಪಕ್ಕದಲ್ಲೇ ಸಿರಿಧಾನ್ಯ, ಬೆಲ್ಲ, ಜೇನುತುಪ್ಪ, ಸೀಗೆಪುಡಿ ಮಾರುವ ಅಂಗಡಿಗಳೂ ಬಂದಿವೆ. ಬರಲೇಬೇಕಿತ್ತು, ಬಂದದ್ದು ಒಳ್ಳೆಯದಾಯಿತು. ಆದರೆ ಕೊಳ್ಳುವವರು ಅಲ್ಲಿ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಕೆಮಿಕಲ್ ಏನೂ ಹಾಕಿಲ್ಲ ತಾನೆ?" ಇಲ್ಲ ಅಂದರೆ ಸಾಕು, ದುಡ್ಡು ಕೊಟ್ಟು ಹೊರಡುತ್ತಾರೆ. ಏನೂ ಹಾಕದ ಪದಾರ್ಥ ಕೆಡದೆ ಉಳಿಯಬೇಕಾದರೆ ಅದು ಚೆನ್ನಾಗಿ ಒಣಗಿರಬೇಕು, ಹೊಸದಾಗಿರಬೇಕು. ಒಣಗಿಸಿದ್ದು ಹೇಗೆ, ಮಾಡಿ ಎಷ್ಟು ದಿನ ಆಯಿತು ಎಂಬ ಈ ಎರಡನ್ನೂ ಯಾರೂ ಕೇಳುವುದಿಲ್ಲ. ಅಸಲಿಗೆ ಆರೋಗ್ಯದ ಮಾತು ಇರುವುದೇ ಅಲ್ಲಿ.

ಶೇಂಗಾದಿಂದಲೇ ಶುರು ಮಾಡೋಣ. ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದು ಅಲ್ಲಿನ ಎಣ್ಣೆ ಮಿಲ್ಲುಗಳಿಂದ. ಆ ಮಿಲ್ಲುಗಳಿಗೆ ಕಾಳು ಕೊಟ್ಟದ್ದು ಸುತ್ತಲಿನ ಮಳೆಯಾಶ್ರಿತ ಹೊಲಗಳು. ಕಾಳು ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ನೆಲದೊಳಗಿನ ಕಾಯಿಗೇ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಹತ್ತುತ್ತದೆ. ಕಿತ್ತು ಹಾಕಿದ ಮೇಲೆ ಹಿಂಗಾರು ಮಳೆಗೆ ಸಿಕ್ಕಿ ನೆನೆದರೆ ಅದು ಇನ್ನಷ್ಟು ಹರಡುತ್ತದೆ. ಅಂದರೆ ಬರಕ್ಕೂ ಮಳೆಗೂ ಎರಡಕ್ಕೂ ಸಿಕ್ಕಿಬೀಳುವ ಬೆಳೆ ಇದು. ಆ ಶಿಲೀಂಧ್ರ ಬಿಡುವ ವಿಷ ಅಫ್ಲಾಟಾಕ್ಸಿನ್. ಅದು ಲಿವರಿಗೆ ಹಾನಿ ಮಾಡುತ್ತದೆ, ವರ್ಷಗಟ್ಟಲೆ ಒಳಗೆ ಹೋದರೆ ಲಿವರ್ ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಗೊಬ್ಬರ, ಔಷಧಿ ಏನೂ ಸೋಕದ ಅಪ್ಪಟ ಸಾವಯವ ಶೇಂಗಾದಲ್ಲೂ ಅದು ಇರಬಹುದು.

ರಿಫೈನ್ಡ್ ಎಣ್ಣೆಯಲ್ಲಿ ಕ್ಷಾರ ಹಾಕಿ ತೊಳೆಯುವಾಗ, ಬಣ್ಣ ತೆಗೆಯುವಾಗ ಈ ವಿಷ ಬಹುಪಾಲು ಹೋಗುತ್ತದೆ. ಗಾಣದಲ್ಲಿ ಆ ಹಂತಗಳೇ ಇಲ್ಲ. ಹಾಗಂತ ರಿಫೈನ್ಡ್ ಎಣ್ಣೆಯೇ ಮೇಲು ಎನ್ನುತ್ತಿಲ್ಲ. ಗಾಣದ ಎಣ್ಣೆಯ ರುಚಿ, ಪರಿಮಳ, ಅದರಲ್ಲಿ ಉಳಿಯುವ ವಿಟಮಿನ್ ಇ ಎಲ್ಲ ನಿಜ. ಆದರೆ ಗಾಣಕ್ಕೆ ಹಾಕುವ ಕಾಳು ಎಂಥದೋ ಎಣ್ಣೆಯೂ ಅಂಥದೇ. ಕೆಟ್ಟ ಕಾಳನ್ನು ಸರಿಮಾಡುವ ಶಕ್ತಿ ಮರದ ಗಾಣಕ್ಕಿಲ್ಲ.

ಕಾಳು ನೋಡುವುದು ಹೀಗೆ. ಸುಲಿಯದ ಕಾಯಿ ಸಿಕ್ಕರೆ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಬೀಜ ಗಲಗಲ ಅನ್ನಬೇಕು. ಬೀಜವನ್ನು ಬೆರಳಲ್ಲಿ ಉಜ್ಜಿದರೆ ಕೆಂಪು ಸಿಪ್ಪೆ ಸಲೀಸಾಗಿ ಬಿಡಬೇಕು, ಮುರಿದರೆ ಟಕ್ ಎಂದು ಎರಡು ಹೋಳಾಗಬೇಕು. ಬಾಗಿದರೆ, ಹಲ್ಲಿಗೆ ಮೆತ್ತಗೆ ಸಿಕ್ಕರೆ ತೇವ ಇದೆ ಎಂದೇ ಅರ್ಥ. ಬೀಜದ ತೇವಾಂಶ ಶೇಕಡ 7–8ರೊಳಗೆ ಇದ್ದರೆ ಶಿಲೀಂಧ್ರ ಬೆಳೆಯುವುದಿಲ್ಲ. ಹೋಳು ಮಾಡಿ ಒಳಗೂ ನೋಡಿ, ಎರಡು ಬೇಳೆಗಳ ನಡುವೆ ಹಸಿರು ಹಳದಿ ಪುಡಿಯಂಥದ್ದು ಕೂತಿರಬಹುದು. ಹೊರಗೆ ನುಣ್ಣಗೆ ಕಂಡ ಬೀಜದಲ್ಲೂ ಇದು ಸಿಗುತ್ತದೆ.

ಇನ್ನೊಂದು ವಿಷಯ ಕೊಳ್ಳುವವರಿಗೆ ಗೊತ್ತೇ ಇರುವುದಿಲ್ಲ. ಮಷಿನ್‌ಗೆ ಹಾಕಿ ಸುಲಿಸುವಾಗ ಬೀಜ ಒಡೆಯಬಾರದೆಂದು ಕಾಯಿಯ ಮೇಲೆ ನೀರು ಚಿಮುಕಿಸುವ ರೂಢಿ ಇದೆ. ಬಿಸಿಲಲ್ಲಿ ಕಷ್ಟಪಟ್ಟು ಒಣಗಿಸಿದ್ದನ್ನು ಮತ್ತೆ ನೆನೆಸಿ, ಆ ಬೀಜವನ್ನು ಚೀಲಕ್ಕೆ ತುಂಬಿ ಒಟ್ಟಿಬಿಟ್ಟರೆ ಬೂಷ್ಟು ಹಿಡಿಯಲು ಇನ್ನೇನು ಬೇಕು? "ಒಣಕಾಯಿ ಸುಲಿಸಿದ್ದಾ, ನೀರು ಹಾಕಿ ಸುಲಿಸಿದ್ದಾ?" ಎಂದು ಗಾಣದವರನ್ನು ನೇರವಾಗಿ ಕೇಳಿ. ವಿಷಯ ಬಲ್ಲವರು ತಡವರಿಸದೆ ಉತ್ತರ ಕೊಡುತ್ತಾರೆ.

ನೀವೇ ಕಾಳು ಒಯ್ದು ಆಡಿಸುವುದಾದರೆ ಹಿಂದಿನ ದಿನ ಮೊರದಲ್ಲಿ ಹರವಿಕೊಂಡು ಆರಿಸಿ. ಮುರುಟಿದ್ದು, ಕಪ್ಪಾದದ್ದು, ಒಡೆದದ್ದು, ಹುಳು ಕೊರೆದದ್ದು, ಮೊಳಕೆ ಬಂದದ್ದು ಎಲ್ಲ ಹೊರಗೆ. ವಿಷ ಇರುವುದು ಹೆಚ್ಚಾಗಿ ಇಂಥ ಬೀಜಗಳಲ್ಲೇ, ಆದ್ದರಿಂದ ಬರೀ ಆರಿಸುವುದರಿಂದಲೇ ದೊಡ್ಡ ಪಾಲು ಕಡಿಮೆಯಾಗುತ್ತದೆ. ಹುರಿದರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಆರಿಸಿ ತೆಗೆದದ್ದನ್ನು ದನದ ಬಾನಿಗೆ ಸುರಿಯಬೇಡಿ. ಹಸು ತಿಂದ ಅಫ್ಲಾಟಾಕ್ಸಿನ್ ರೂಪ ಬದಲಿಸಿಕೊಂಡು ಹಾಲಿಗೆ ಇಳಿಯುತ್ತದೆ. ಹಿಂಡಿಗೂ ಇದೇ ಮಾತು: ವಿಷದ ಬಹುಪಾಲು ಎಣ್ಣೆಗೆ ಹೋಗದೆ ಹಿಂಡಿಯಲ್ಲೇ ಉಳಿಯುತ್ತದೆ. ಬೂಷ್ಟು ಹಿಡಿದ ಕಾಳಿನ ಹಿಂಡಿ ತಿಂದ ಹಸುವಿನ ಹಾಲು ಮನೆಯ ಮಗುವಿನ ಲೋಟಕ್ಕೇ ಬರುತ್ತದೆ.

ಗಾಣದಲ್ಲಿ ಆಡುವಾಗ ಎಣ್ಣೆ ಬಿಡಲಿ ಎಂದು ಸ್ವಲ್ಪ ನೀರು ಹಾಕುತ್ತಾರೆ, ಅದು ತಪ್ಪಲ್ಲ. ಆದರೆ ಆ ನೀರಿನಂಶವೂ ಹಿಂಡಿಯ ನುಣ್ಣನೆ ಪುಡಿಯೂ ಎಣ್ಣೆಯಲ್ಲಿ ಉಳಿದರೆ ಬೇಗ ಕೆಡುತ್ತದೆ. ಎಣ್ಣೆಗೆ ಸೇರುವ ಅಲ್ಪಸ್ವಲ್ಪ ವಿಷವೂ ಹೆಚ್ಚಾಗಿ ಆ ಪುಡಿಯಲ್ಲೇ ಇರುತ್ತದೆ. ಅದಕ್ಕೇ ಎಣ್ಣೆಯನ್ನು ಸ್ಟೀಲ್ ಪಾತ್ರೆಯಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಎರಡು ದಿನ ಬಿಸಿಲಿಗಿಟ್ಟು, ಮೂರನೆಯ ದಿನ ಅಲ್ಲಾಡಿಸದೆ ಮೇಲಿನ ತಿಳಿ ಬಗ್ಗಿಸಿಕೊಳ್ಳಬೇಕು. ಬಿಸಿಲು ಶೇಂಗಾ ಎಣ್ಣೆಯಲ್ಲಿನ ಅಫ್ಲಾಟಾಕ್ಸಿನ್ ಅನ್ನು ಒಡೆಯುತ್ತದೆ ಎಂಬುದನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ದಶಕಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಆದರೆ ವಾರಗಟ್ಟಲೆ ಇಟ್ಟರೆ ಅದೇ ಬಿಸಿಲು ಎಣ್ಣೆಯನ್ನು ಕಮಟು ಮಾಡುತ್ತದೆ. ಎರಡು ದಿನ ಸಾಕು, ಆಮೇಲೆ ಕತ್ತಲಲ್ಲೇ ಇರಬೇಕು. ತಳದ ಗಷ್ಟನ್ನು ಪಲ್ಯಕ್ಕೆ ಬಳಸುವವರಿದ್ದಾರೆ, ಬೇಡ, ಚೆಲ್ಲಿಬಿಡಿ.

ಎಣ್ಣೆ ಇಡಲು ಸ್ಟೀಲ್ ಡಬ್ಬಿ ಇಲ್ಲವೇ ಬಣ್ಣದ ಗಾಜಿನ ಬಾಟಲಿ ಆಗಬೇಕು. ತಾಮ್ರ, ಹಿತ್ತಾಳೆ ಪಾತ್ರೆ ಬೇಡವೇ ಬೇಡ, ತಾಮ್ರ ತಾಗಿದರೆ ಎಣ್ಣೆ ಬೇಗ ಕಮಟಾಗುತ್ತದೆ. ಹಳೇ ಎಣ್ಣೆ ತಳದಲ್ಲಿ ಇರುವಾಗಲೇ ಹೊಸದನ್ನು ಸುರಿದರೆ ಹೊಸದೂ ಬೇಗ ಹಾಳಾಗುತ್ತದೆ. ಡಬ್ಬಿ ಖಾಲಿ ಮಾಡಿ, ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿದ ಮೇಲೆ ತುಂಬಿ. ಮೂರು ತಿಂಗಳಿಗೆ ಸಾಕಾಗುವಷ್ಟು ಮಾತ್ರ ಆಡಿಸಿ. ಒಗ್ಗರಣೆಗೆ, ಮಂಡಕ್ಕಿ ಕಲಸಲು, ಚಟ್ನಿಪುಡಿಗೆ ಈ ಎಣ್ಣೆಗೆ ಸಮ ಇಲ್ಲ. ಮೆಣಸಿನಕಾಯಿ ಬಜ್ಜಿಯಂಥ ಕರಿಯುವ ಕೆಲಸಕ್ಕೆ ಮಾತ್ರ ಉರಿ ಹದದಲ್ಲಿರಲಿ, ರಿಫೈನ್ಡ್ ಎಣ್ಣೆಗಿಂತ ಕಡಿಮೆ ಬಿಸಿಗೇ ಇದು ಹೊಗೆಯಾಡುತ್ತದೆ. ಗಷ್ಟು ತೆಗೆಯದಿದ್ದರೆ ನೊರೆ ಉಕ್ಕಿ ಬಾಣಲೆ ಕಪ್ಪಾಗುತ್ತದೆ. ಒಮ್ಮೆ ಕರಿದದ್ದನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಕಲಬೆರಕೆ ಹಿಡಿಯಲು ಫ್ರಿಜ್‌ನಲ್ಲಿಟ್ಟು ನೋಡಿ ಎಂಬ ವಾಟ್ಸಾಪ್ ಸಲಹೆ ನಂಬಬೇಡಿ. ಶುದ್ಧ ಶೇಂಗಾ ಎಣ್ಣೆಯೂ ಫ್ರಿಜ್‌ನಲ್ಲಿ ಮಬ್ಬಾಗಿ ಗಟ್ಟಿಯಾಗುತ್ತದೆ, ತಾಳೆ ಎಣ್ಣೆಯೂ ಆಗುತ್ತದೆ. ಪ್ರಯೋಗಾಲಯದಲ್ಲಿ ಮಾಡುವ ಬೆಲಿಯರ್ ಪರೀಕ್ಷೆಯಲ್ಲಿ ಶುದ್ಧ ಶೇಂಗಾ ಎಣ್ಣೆ 39ರಿಂದ 41 ಡಿಗ್ರಿ ಸೆಲ್ಸಿಯಸ್ ನಡುವೆ ಮಬ್ಬಾಗಬೇಕು, ಅದು ಮನೆಯಲ್ಲಿ ಆಗುವ ಕೆಲಸವಲ್ಲ. ಮನೆಯಲ್ಲಿ ಮಾಡಬಹುದಾದದ್ದು ಲೆಕ್ಕ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ಬೀಜ ಕೆಜಿಗೆ 120 ರೂಪಾಯಿ ಇದ್ದರೆ ಅದಕ್ಕೇ 300 ಆಯಿತು. ಒಂದೂವರೆ ಕೆಜಿ ಹಿಂಡಿ 40ರಂತೆ ಮಾರಿದರೆ 60 ವಾಪಸ್ ಬಂತು. ಉಳಿದ 240ಕ್ಕೆ ಕೂಲಿ, ಕರೆಂಟು, ಬಾಟಲಿ ಸೇರಿಸಿ. ಆ ದರದ ದಿನ ಯಾರಾದರೂ ಲೀಟರ್ 200ಕ್ಕೆ ಗಾಣದ ಎಣ್ಣೆ ಕೊಡುತ್ತಾರೆಂದರೆ ಒಂದೋ ಬೀಜ ಕಳಪೆ, ಇಲ್ಲವೇ ಎಣ್ಣೆಯಲ್ಲಿ ಬೇರೇನೋ ಸೇರಿದೆ.

ಬೋರ್ಡಿನ ಮೇಲಿನ ಮಾತುಗಳನ್ನೂ ಬೇರೆ ಬೇರೆ ಮಾಡಿ ಓದಬೇಕು. ಗಾಣದ್ದು ಅಂದರೆ ಹಿಂಡಿದ ರೀತಿ, ಸಾವಯವ ಅಂದರೆ ಬೆಳೆದ ರೀತಿ. ಒಂದಿದ್ದರೆ ಇನ್ನೊಂದು ಇದ್ದೇ ಇರುತ್ತದೆ ಎಂದೇನಿಲ್ಲ. ಪ್ಯಾಕೆಟ್ ಮೇಲೆ ಸಾವಯವ ಎಂದು ಬರೆಯಬೇಕಾದರೆ ಸರ್ಕಾರದ ಸಾವಯವ ಯೋಜನೆಗಳಾದ ಎನ್‌ಪಿಒಪಿ ಇಲ್ಲವೇ ಪಿಜಿಎಸ್-ಇಂಡಿಯಾ ದೃಢೀಕರಣ, ಸಾವಯವ ಚಿಹ್ನೆ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ತಾನೇ ಬೆಳೆದು ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ರೈತನಿಗೆ ದೃಢೀಕರಣದಿಂದ ವಿನಾಯಿತಿ ಇದೆ. ಅಂಥವರ ಹತ್ತಿರ ಚೀಟಿ ಕೇಳುವುದಕ್ಕಿಂತ ಹೊಲ ನೋಡಲು ಹೋಗುವುದು ಮೇಲು.

ಸಿರಿಧಾನ್ಯದ ಕಥೆ ಬೇರೆ. ಹೊಸದುರ್ಗದ ಕಡೆಯ ಸಾಮೆ, ನವಣೆ ಸಿಪ್ಪೆ ಸಮೇತ ಇದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಬರಗಾಲಕ್ಕೆಂದು ಧಾನ್ಯವನ್ನು ನೆಲದೊಳಗಿನ ಹಗೇವಿನಲ್ಲಿ ಮುಚ್ಚಿಡುತ್ತಿದ್ದ ಸೀಮೆ ಇದು. ಸಿಪ್ಪೆ ತೆಗೆದ ಗಳಿಗೆಯಿಂದ ಲೆಕ್ಕ ಶುರು. ತೌಡು ಉಳಿಸಿದ ಸಿರಿಧಾನ್ಯದ ಅಕ್ಕಿಯಲ್ಲಿ ಎಣ್ಣೆಯಂಶ ಇರುತ್ತದೆ, ಗಾಳಿ ತಾಗಿ ಎರಡು ಮೂರು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಪಾಲಿಶ್ ಮಾಡಿದ್ದು ಬೆಳ್ಳಗೆ ಹೊಳೆಯುತ್ತದೆ, ಬಹಳ ದಿನ ಬರುತ್ತದೆ, ಆದರೆ ನಾರು ಇದ್ದ ತೌಡೇ ಹೋಗಿರುತ್ತದೆ. ಪಾಲಿಶ್ ಮಾಡದ ನವಣೆ ಅಕ್ಕಿ ಮಂಕು ಹಳದಿ, ಸಾಮೆ ಅಕ್ಕಿ ಬೂದು ಛಾಯೆ. ಚೀಲದೊಳಗೆ ಕೈ ಹಾಕಿ ತೆಗೆದರೆ ಅಂಗೈಗೆ ಸಣ್ಣ ಪುಡಿ ಅಂಟಬೇಕು. ಸಾಧ್ಯವಿದ್ದರೆ ರೈತರಿಂದ ಸಿಪ್ಪೆ ಸಮೇತ ಕೊಂಡು ತಿಂಗಳಿಗೆ ಬೇಕಾದಷ್ಟೇ ಮಿಲ್ಲಿನಲ್ಲಿ ಮಾಡಿಸಿ. ಹತ್ತು ಕೆಜಿ ಕೊಟ್ಟರೆ ಆರರಿಂದ ಏಳು ಕೆಜಿ ಅಕ್ಕಿ ಬರುತ್ತದೆ. ಸಜ್ಜೆ ಹಿಟ್ಟಂತೂ ಒಂದು ವಾರಕ್ಕಿಂತ ಹೆಚ್ಚು ಇಡುವಂತಿಲ್ಲ, ಕಹಿಯಾಗುತ್ತದೆ. ಕಾಳನ್ನು ಬೆಚ್ಚಗೆ ಹುರಿದು ಬೀಸಿಸಿದರೆ ಸ್ವಲ್ಪ ದಿನ ತಡೆಯುತ್ತದೆ.

ಅಡುಗೆಗೆ ಮೊದಲು ಗಾಳಿಸಿ, ಸಾಮೆಯಲ್ಲಿ ಮರಳು ಇದ್ದೇ ಇರುತ್ತದೆ. ಒಂದು ಲೋಟ ನವಣೆ ಅಕ್ಕಿಯನ್ನು ಕನಿಷ್ಠ ಎರಡು ತಾಸು ನೆನೆಸಿ. ನೆನೆಸಿದ ನೀರು ಚೆಲ್ಲಿ, ಎರಡೂವರೆ ಲೋಟ ಹೊಸ ನೀರು ಹಾಕಿ, ಕುಕ್ಕರಿನಲ್ಲಿ ಸಣ್ಣ ಉರಿಗೆ ಎರಡು ಕೂಗು. ತಾನಾಗಿ ಒತ್ತಡ ಇಳಿಯುವ ತನಕ ಮುಚ್ಚಳ ತೆಗೆಯಬೇಡಿ, ಮೇಲೆ ಗಟ್ಟಿ ತಳ ಮೆತ್ತಗೆ ಆಗುವುದು ಅವಸರಕ್ಕೆ ತೆಗೆದಾಗಲೇ. "ಸಿರಿಧಾನ್ಯ ತಿಂದು ಹೊಟ್ಟೆ ಉಬ್ಬರ ಬಂತು" ಅನ್ನುವವರಲ್ಲಿ ಹೆಚ್ಚಿನವರು ನೆನೆಸದೆ ಬೇಯಿಸಿದವರು, ಇಲ್ಲವೇ ಮೊದಲ ದಿನದಿಂದಲೇ ಮೂರು ಹೊತ್ತೂ ತಿಂದವರು. ದಿನಕ್ಕೆ ಒಂದು ಹೊತ್ತಿನಿಂದ ಶುರು ಮಾಡಿ, ನೀರು ಚೆನ್ನಾಗಿ ಕುಡಿಯಿರಿ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ನೂರು ಗ್ರಾಂ ನವಣೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನ್, 8 ಗ್ರಾಂ ನಾರು ಇದೆ, ಬಿಳಿ ಅಕ್ಕಿಗಿಂತ ನಿಜಕ್ಕೂ ಒಳ್ಳೆಯದು. ಆದರೆ ಅದರಲ್ಲೇ 60 ಗ್ರಾಂ ಪಿಷ್ಟವೂ ಇದೆ. ತಟ್ಟೆ ತುಂಬ ತಿಂದರೆ ಸಕ್ಕರೆ ಏರುತ್ತದೆ. ಸಿರಿಧಾನ್ಯ ಶುರು ಮಾಡಿದೆವೆಂದು ಮಾತ್ರೆ, ಇನ್ಸುಲಿನ್ ಬಿಡುವುದು ಜೀವಕ್ಕೇ ಅಪಾಯ. ಥೈರಾಯ್ಡ್ ತೊಂದರೆ ಇದ್ದವರು ಸಜ್ಜೆಯನ್ನು ದಿನವೂ ತಿನ್ನುವ ಮೊದಲು ವೈದ್ಯರನ್ನು ಕೇಳಿ.

ಬೆಲ್ಲದ್ದು ಚಿಕ್ಕ ಮಾತು. ಬಂಗಾರದ ಬಣ್ಣದ ಅಚ್ಚು ಕಂಡರೆ ಅನುಮಾನಪಡಿ, ಕಬ್ಬಿನ ಹಾಲು ಕಾಯಿಸುವಾಗ ಹೈಡ್ರೋಸ್ ಎಂಬ ಬಿಳುಪು ಮಾಡುವ ಕೆಮಿಕಲ್ ಹಾಕಿದರೆ ಆ ಬಣ್ಣ ಬರುತ್ತದೆ. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದ ಬೆಲ್ಲ ಕಂದು ಬಣ್ಣದ್ದೇ ಇರುತ್ತದೆ. ಮಳೆಗಾಲದಲ್ಲಿ ಅದು ನೀರು ಬಿಡುವುದು ಸಹಜ, ಗಾಳಿಯಾಡದ ಡಬ್ಬಿಯಲ್ಲಿಡಿ. ಹುಳಿ ವಾಸನೆ ಬಂದರೆ ಕೆಟ್ಟಿತು. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೂ ಒಂದೇ.

ಜೇನುತುಪ್ಪ ಹರಳುಗಟ್ಟಿದರೆ ಕಲಬೆರಕೆ ಅಂತಲ್ಲ, ಬಾಟಲಿಯನ್ನು ಬೆಚ್ಚನೆ ನೀರಿನಲ್ಲಿ ಇಟ್ಟರೆ ಕರಗುತ್ತದೆ. ನೋಡಬೇಕಾದದ್ದು ಇಲ್ಲೂ ತೇವವನ್ನೇ. ನೀರಿನಂಶ ಶೇಕಡ 20 ದಾಟಿದರೆ ಜೇನು ಹುಳಿಯುತ್ತದೆ. ಮುಚ್ಚಳ ತೆಗೆದಾಗ ನೊರೆ, ಹುಳಿ ವಾಸನೆ ಇದ್ದರೆ ಹುಟ್ಟಿನ ಕೋಣೆಗಳಿಗೆ ಮೇಣ ಮುಚ್ಚುವ ಮೊದಲೇ ಹಿಂಡಿದ್ದಾರೆ. ವರ್ಷ ತುಂಬದ ಮಗುವಿಗೆ ಎಷ್ಟೇ ಶುದ್ಧವಾದರೂ ಜೇನು ನೆಕ್ಕಿಸಬಾರದು, ಅದರಲ್ಲಿರಬಹುದಾದ ಬಾಟ್ಯುಲಿಸಂ ಬೀಜಾಣು ಮಗುವಿನ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ.

ಸೀಗೆಪುಡಿ ಮನೆಯಲ್ಲೇ ಮಾಡಿಸುವುದಾದರೆ ಒಂದು ಕೆಜಿ ಸೀಗೆಕಾಯಿಗೆ 200 ಗ್ರಾಂ ಮೆಂತ್ಯ, 200 ಗ್ರಾಂ ಹೆಸರುಕಾಳು, ನೆರಳಲ್ಲಿ ಒಣಗಿಸಿದ ಒಂದು ಹಿಡಿ ದಾಸವಾಳದ ಎಲೆ ಸಾಕು. ಸೀಗೆಕಾಯಿ ಮುರಿದರೆ ಚಟ್ ಅನ್ನುವ ತನಕ ಬಿಸಿಲಲ್ಲಿರಲಿ, ಹಸಿ ಉಳಿದರೆ ಪುಡಿ ಗಂಟುಕಟ್ಟಿ ಹುಳು ಬೀಳುತ್ತದೆ. ನುಣ್ಣಗೆ ಬೀಸಿಸಿ ಜರಡಿ ಹಿಡಿಯಿರಿ, ತರಿ ಉಳಿದರೆ ನೆತ್ತಿ ಗೀಚುತ್ತದೆ. ರಾಗಿ ಬೀಸುವ ಗಿರಣಿಗೆ ಒಯ್ಯಬೇಡಿ, ಸೀಗೆಗೆಂದೇ ಬೇರೆ ಕಲ್ಲು ಇರುವ ಕಡೆ ಹೋಗಿ. ಇಲ್ಲದಿದ್ದರೆ ನಿಮ್ಮ ಹಿಂದೆ ಬಂದವರ ರಾಗಿ ಹಿಟ್ಟು ನೊರೆ ಬಿಡುತ್ತದೆ.